ನೂಲು ಕಟ್ಟಿ ಲಾರಿ ನಿಲ್ಲಿಸಿದ ನಮ್ಮತ್ತೆ

ಸೇಲಂನಲ್ಲಿ ಟ್ರಾಫಿಕ್ ಪೊಲೀಸರಿದ್ದಾರೆ, ಸಿಗ್ನಲ್ಲುಗಳಿವೆ, ಕಂಬಕ್ಕೊಂದು ಕ್ಯಾಮೆರಾವೂ ಇದೆ. ಆದರೆ ಆರು ಚಕ್ರದ ಲಾರಿಯನ್ನು ಬರೀ ನೂಲಿನಿಂದ ನಿಲ್ಲಿಸಿದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನೋಡೋಣ! ನಮ್ಮತ್ತೆ ನಿಲ್ಲಿಸಿದ್ದಾಳೆ. ನಿಲ್ಲಿಸಿದ್ದಲ್ಲದೆ ಬಂದ ದಾರಿಯಲ್ಲೇ ಹಿಂದಕ್ಕೆ ಅಟ್ಟಿದ್ದಾಳೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ವಯಸ್ಸು ಕೇಳಿದರೆ ಅರವತ್ತು ಅನ್ನುತ್ತಾಳೆ. ಹತ್ತು ವರ್ಷದಿಂದಲೂ ಅಷ್ಟೇ ಅನ್ನುತ್ತಿದ್ದಾಳೆ. ನಮ್ಮ ಬೀದಿಯಲ್ಲೇ, ನಮ್ಮ ಸಾಲಿನಲ್ಲೇ ಹತ್ತು ಮನೆ ಆಚೆಗೆ ವಾಸ. ಒಳಗೆ ಮಗ್ಗ, ಹೊರಗೆ ಜಗಲಿ, ಜಗಲಿಯ ಮೇಲೆ ಅತ್ತೆ. ಜಗಲಿಯ ನೇರಕ್ಕೆ ಶಾಲೆಯ ಗೇಟು. ಬೀದಿಯೋ, ಎರಡು ಎಮ್ಮೆ ಎದುರಾದರೆ ಒಂದು ನಾಚಿಕೊಂಡು ಹಿಂದೆ ಸರಿಯಬೇಕು, ಅಷ್ಟು ಅಗಲ. ಅದರಲ್ಲೇ ಶಾಲೆಯ ಹೊತ್ತಿಗೆ ವ್ಯಾನು, ಆಟೋ, ಬೈಕು, ಜೊತೆಗೆ ಹೈವೇ ತಪ್ಪಿಸಿಕೊಂಡು ನುಗ್ಗುವ ಲಾರಿ!

ಒಂದು ದಿನ ಬೆಳಿಗ್ಗೆ ವ್ಯಾನೊಂದರ ಕನ್ನಡಿಗೆ ನನ್ನ ಮಗಳ ಬ್ಯಾಗು ಸಿಕ್ಕಿಕೊಂಡಿತು. ಮಗಳು ಮೂರನೇ ಕ್ಲಾಸು. ವ್ಯಾನು ಅವಳನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಗಿ ಬಿಟ್ಟಿತು. ಬ್ಯಾಗು ಹರಿಯಿತು, ಮಗಳಿಗೆ ಏನೂ ಆಗಲಿಲ್ಲ. ಬೀದಿಯವರೆಲ್ಲ ದೇವರು ದೊಡ್ಡವನು ಎಂದು ಕೈಮುಗಿದು ಮನೆಗೆ ಹೋದರು. ಅತ್ತೆ ಮಾತ್ರ ಹೋಗಲಿಲ್ಲ. ಹರಿದ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಮಧ್ಯಾಹ್ನದವರೆಗೂ ಬೀದಿಯನ್ನೇ ನೋಡುತ್ತಾ ಕೂತಿದ್ದಳು.

ಮರುದಿನ ಶುರುವಾಯಿತು ಅವಳ ಆಡಳಿತ.

ಸೇಲಂನಲ್ಲಿ ನೆಲೆಸಿದ ನಮ್ಮ ಕನ್ನಡ ನೇಕಾರರ ಬೀದಿಗಳಲ್ಲಿ ಒಂದು ಪದ್ಧತಿ ಇದೆ. ಸೀರೆಯ ಉದ್ದದ ಎಳೆಗಳನ್ನು, ಅಂದರೆ ನಾವು ಪಾವು ಎನ್ನುವ ಹಾಸನ್ನು, ಬೀದಿಯುದ್ದಕ್ಕೂ ಸೊಂಟದ ಎತ್ತರಕ್ಕೆ ಬಿಗಿದು ಗಂಜಿ ಹಾಕಿ ಒಣಗಿಸುತ್ತೇವೆ. ಪಾವು ಹಾಸಿದ ಬೀದಿಗೆ ಗಾಡಿ ಬರುವಂತಿಲ್ಲ. ಯಾರ ಕೈಯಿಂದ ಎಳೆ ಕಡಿಯಿತೋ ಅವರೇ ಕೂತು ಕಟ್ಟಿಕೊಡಬೇಕು. ಬೆಳಕು ಹರಿಯುವಾಗ ಹಾಸಿ, ಬಿಸಿಲೇರುವ ಮುಂಚೆ ಸುತ್ತಿಡುವುದು ರೂಢಿ. ಅತ್ತೆ ಹಾಸಿದ್ದು ಎಂಟು ಗಂಟೆಗೆ! ಶಾಲೆಯ ಗೇಟಿನ ಮುಂದೆ! ಪಾಪ, ಅತ್ತೆಯ ಗಂಡ, ನಮ್ಮ ಮಾವ, ಕೈಯಲ್ಲಿ ಗಂಜಿಯ ಕುಂಚ ಹಿಡಿದುಕೊಂಡು ಕಳ್ಳನ ಹಾಗೆ ನಿಂತಿದ್ದ.

ಮೊದಲು ಸಿಕ್ಕಿಬಿದ್ದವನು ಯಾರು? ನಾನೇ. ಹಿಂದೆ ಮಗಳನ್ನು ಕೂರಿಸಿಕೊಂಡು, ಬ್ಯಾಂಕಿಗೆ ಹೊರಟ ಇಸ್ತ್ರಿ ಅಂಗಿಯಲ್ಲಿ ಸ್ಕೂಟರ್ ಬಿಟ್ಟುಕೊಂಡು ಬಂದೆ.

"ಲೇ! ಕಣ್ಣು ಕಾಣಕಿಲ್ವಾ? ಪಾವು ಐತೆ!"

"ಲೇಟ್ ಆಗ್ತೈತೆ ಅತ್ತೆ, ಹಿಂಗೇ ಗೋಡೆ ಪಕ್ಕ ಓಗ್ಬುಡ್ತೀನಿ."

"ಪುಳ್ಳೆಗೆ ಕಾಲು ಐತಲ್ಲ, ನಡ್ಕೊಂಡು ಓಗ್ಲಿ. ನೀನು ವಂಡಿ ತಿರುಗ್ಸು."

ಪುಳ್ಳೆ ಎಂದರೆ ಮಗು, ವಂಡಿ ಎಂದರೆ ಗಾಡಿ; ಸೇಲಂನ ನಮ್ಮ ಕನ್ನಡ ಹೀಗೇ. ವಂಡಿ ತಿರುಗಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಗೋಡೆಗೆ ಒತ್ತಿಕೊಂಡು ನುಗ್ಗಿದೆ, ಹ್ಯಾಂಡಲ್ ತಗುಲಿ ಹನ್ನೊಂದು ಎಳೆ ಕಡಿದವು. ಅತ್ತೆ ಬಯ್ಯಲಿಲ್ಲ. ಬೀದಿಗೆ ಒಂದು ಮಣೆ ಹಾಕಿ "ಕಟ್ಟು" ಅಂದಳು. ಹನ್ನೊಂದು ಕಟ್ಟಿದೆ. ಅತ್ತೆ ಗಂಟು ನೋಡಿ, ಏಳು ಬಿಚ್ಚಿ ಮತ್ತೆ ಕಟ್ಟಿಸಿದಳು. ಬ್ಯಾಂಕಿನಲ್ಲಿ ಮ್ಯಾನೇಜರ್ ತಡವೇಕೆ ಎಂದು ಕೇಳಿದರು. "ನೂಲು ಕಡಿದುಹೋಯಿತು ಸಾರ್" ಎಂದೆ. ಅವರು ನನ್ನನ್ನು ಕೂರಿಸಿ, ನೀರು ತರಿಸಿ ಕುಡಿಸಿದರು!

ಎರಡನೆಯ ದಿನವೂ ಪಾವು. ಮೂರನೆಯ ದಿನವೂ ಪಾವು. ನಾಲ್ಕನೆಯ ದಿನ ಬೀದಿಗೆ ಅನುಮಾನ ಬಂತು, ಏಕೆಂದರೆ ಅದು ಅದೇ ಗುಲಾಬಿ ಅಂಚಿನ ಪಾವು! "ಒಂದೇ ಪಾವಿಗೆ ಎಷ್ಟು ದಿನ ಗಂಜಿ ಆಕ್ತೀಯಾ ಅತ್ತೆ?" ಎಂದು ಕೇಳಿದೆ.

"ಇನ್ನೂ ಒಣಗಿಲ್ಲ ಕಣ್ಲಾ."

ಸೇಲಂ ಬಿಸಿಲಿನಲ್ಲಿ ಒಣಗಿಲ್ಲವಂತೆ! ಅಷ್ಟು ದಿನದ ಗಂಜಿ ಕುಡಿದ ಆ ಪಾವು ಬಿದಿರಿನ ತಟ್ಟಿಯಂತೆ ಸೆಟೆದಿತ್ತು. ಅದನ್ನು ಮಗ್ಗಕ್ಕೆ ಏರಿಸುವ ಆಸೆಯನ್ನು ಮಾವ ಬಿಟ್ಟೇಬಿಟ್ಟಿದ್ದ. ಆದರೆ ಮಕ್ಕಳಿಗೆ ಹಬ್ಬ. ಜಗಲಿಯ ಕಡೆಯ ಮನೆಗಳಿಂದ ಬರುವವರು ಪಾವಿನ ಕೆಳಗೆ ಬಗ್ಗಿ ನುಸುಳಿ ಗೇಟು ಸೇರಬೇಕು. ಒಂದು ಮಗುವಾದರೂ ಒಂದು ಎಳೆ ಕಡಿಯಲಿಲ್ಲ. ಕಡಿದವರೆಲ್ಲ ನಮ್ಮಂಥ ದೊಡ್ಡವರೇ.

ಇನ್ನು ಲಾರಿಯ ಕಥೆ. ಫೋನಿನ ಮ್ಯಾಪು ನಂಬಿ ಶಂಕಗಿರಿಯ ಲಾರಿಯೊಂದು ನಮ್ಮ ಬೀದಿಗೆ ಮೂತಿ ತೂರಿಸಿತು. ಡ್ರೈವರ್ ಇಳಿದು ಬಂದು, ಅಜ್ಜಿ, ಗಾಡಿ ಹೋಗಬೇಕು ಎಂದು ತಮಿಳಿನಲ್ಲಿ ಕೇಳಿದ.

"ಪಾಟ್ಟಿ, ವಂಡಿ ಪೋಗಣುಂ."

"ಪೋಗಲಿ," ಎಂದಳು ಅತ್ತೆ. "ಹಿಂದಕ್ಕೆ ಪೋಗಲಿ."

ಅವನು ಎಳೆಗಳನ್ನು ನೋಡಿದ, ಲಾರಿಯನ್ನು ನೋಡಿದ, ಬೀದಿಯಲ್ಲಿ ಸಿದ್ಧವಾಗಿ ಇಟ್ಟಿದ್ದ ಮಣೆಯನ್ನೂ ನೋಡಿದ. ತೊಪ್ಪೂರು ಘಾಟಿಯ ಇಳಿಜಾರೇ ತನ್ನನ್ನು ಹೆದರಿಸಿಲ್ಲ, ಈ ಮುದುಕಿ ಹೆದರಿಸಿಬಿಟ್ಟಳಲ್ಲ ಎಂದು ತಮಿಳಿನಲ್ಲಿ ಗೊಣಗುತ್ತಾ ಹತ್ತಿ ಕೂತ. ಇಡೀ ಮೂರನೇ ಕ್ಲಾಸು ಜಗಲಿಯ ಮೇಲೆ ನಿಂತು "ರೈಟ್! ರೈಟ್!" ಎಂದು ಕೂಗಿ ಅವನನ್ನು ಬೀದಿಯ ತುದಿಯವರೆಗೂ ಹಿಂದಕ್ಕೆ ಕಳಿಸಿತು.

ಯಾರೋ ದೂರು ಕೊಟ್ಟರು. ಪೊಲೀಸರು ಬಂದರು. ರಸ್ತೆ ಮುಚ್ಚಲು ಅನುಮತಿ ಬೇಕಮ್ಮಾ, ಇನ್ನು ಮೇಲೆ ಹಾಸಿದರೆ ಎತ್ತಿಕೊಂಡು ಹೋಗುತ್ತೇವೆ ಎಂದರು. ನಾನು ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಅತ್ತೆ ನನ್ನ ಕೈಯಲ್ಲಿ ತಮಿಳಿನಲ್ಲಿ ಮನು, ಅಂದರೆ ಮನವಿ ಬರೆಸಿ, ಸೋಮವಾರ ಕಲೆಕ್ಟರ್ ಆಫೀಸಿಗೆ ಹೊರಟಳು. ರಜೆ ಹಾಕಿ ನಾನೂ ಹೋದೆ. ಹೋಗದಿದ್ದರೆ ಬಿಡುತ್ತಾಳೆಯೇ?

ಅಧಿಕಾರಿ ಮನು ಓದಿ, ನೋಡೋಣ, ಪರಿಶೀಲಿಸುತ್ತೇವೆ ಎಂದರು. ಅತ್ತೆ ಸೊಂಟದಿಂದ ಒಂದು ನೂಲಿನ ಉಂಡೆ ತೆಗೆದಳು. ಇವರನ್ನೂ ಕೂರಿಸಿ ಕಟ್ಟಿಸುತ್ತಾಳೋ ಏನೋ! ಅವಳು ನೂಲನ್ನು ಮೇಜಿನ ಮುಂದೆ ನೆಲದ ಮೇಲೆ ಉದ್ದಕ್ಕೆ ಎಳೆದಳು. ತಮಿಳಿನಲ್ಲಿ ಶುರು ಮಾಡಿದಳು. ಸಿಟ್ಟು ಏರಿದ ಹಾಗೆ ಕನ್ನಡಕ್ಕೆ ಬಂದಳು.

"ಇದು ನಮ್ಮ ಬೀದಿ ಅಗಲ ಸಾರ್, ನಾನೇ ಅಳ್ದಿದ್ದು. ಇಷ್ಟು ವ್ಯಾನು." ಅಷ್ಟು ನೂಲು ಮಡಚಿದಳು. "ಇಷ್ಟು, ಗೇಟ್ ತಾವ ನಿಂತಿರೋ ವಂಡಿ." ಅದನ್ನೂ ಮಡಚಿದಳು. ಉಳಿದದ್ದು ಒಂದು ಗೇಣು. "ಇಷ್ಟರಾಗೆ ನಮ್ಮ ಪುಳ್ಳೆ ನಿಂತ್ಕೋಬೇಕು, ಬ್ಯಾಗ್ ಸಮೇತ. ನಿಮ್ಮ ಪುಳ್ಳೆನ ನಿಲ್ಸಿ ನೋಡಾಣ ಸಾರ್."

ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಅನುವಾದ ಮಾಡಲು ಬಾಯಿ ತೆರೆದೆ. ಅವರು ಬೇಡ ಎಂದು ಕೈ ಮಾಡಿ, ಆ ಒಂದು ಗೇಣು ನೂಲನ್ನೇ ನೋಡುತ್ತಾ ಕೂತರು.

ತಿಂಗಳು ತುಂಬುವ ಮುಂಚೆ ಬೀದಿಯ ಎರಡೂ ತುದಿಗೆ ಹಳದಿ ಬ್ಯಾರಿಕೇಡು ಬಂತು. ಶಾಲೆ ಶುರುವಾಗುವ ಹೊತ್ತು, ಬಿಡುವ ಹೊತ್ತು, ಗಾಡಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡೂ ಬಂತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬ್ಯಾಂಕಿಗೆ ಬಂದವರಿಗೆಲ್ಲ ಪಾಸ್‌ಬುಕ್ಕಿನ ಜೊತೆ ಅತ್ತೆಯ ಕಥೆಯನ್ನೂ ಕೊಟ್ಟು ಕಳಿಸಿದೆ.

ಆದರೆ ಅವರಿಗೆ ಹೇಳದ ಮಾತು ಒಂದಿದೆ. ಮಗಳ ಬ್ಯಾಗು ಸಿಕ್ಕಿಕೊಂಡ ದಿನ ಆ ವ್ಯಾನು ಅಷ್ಟು ಪಕ್ಕಕ್ಕೆ ಸರಿದದ್ದು, ಗೇಟಿಗೆ ಅಡ್ಡವಾಗಿ ಯಾರೋ ನಿಲ್ಲಿಸಿದ್ದ ಒಂದು ಸ್ಕೂಟರನ್ನು ತಪ್ಪಿಸಲು. ಆ ಸ್ಕೂಟರ್ ನನ್ನದು. ಅತ್ತೆ ಜಗಲಿಯಿಂದ ಎಲ್ಲವನ್ನೂ ನೋಡಿದ್ದಳು. ನನ್ನ ಹೆಂಡತಿಗೆ ಹೇಳಲಿಲ್ಲ, ಬೀದಿಗೆ ಹೇಳಲಿಲ್ಲ, ನನ್ನ ಮುಖಕ್ಕೂ ಒಂದು ಮಾತು ಆಡಲಿಲ್ಲ. ಹನ್ನೊಂದು ಎಳೆ ಕಟ್ಟಿಸಿ ಸುಮ್ಮನಾದಳು.

ಬ್ಯಾರಿಕೇಡು ಬಂದ ಮರುದಿನ ಸ್ಕೂಟರನ್ನು ಮನೆಯಲ್ಲೇ ಬಿಟ್ಟು, ಮಗಳ ಕೈ ಹಿಡಿದು ನಡೆದೆ. ಬೀದಿ ಖಾಲಿ, ಪಾವೂ ಇಲ್ಲ. ಆದರೂ ಗೇಟಿನ ಮುಂದೆ ಮಗಳು ಅಭ್ಯಾಸದಂತೆ ತಲೆ ಬಗ್ಗಿಸಿ, ಇಲ್ಲದ ಎಳೆಗಳ ಕೆಳಗೆ ನುಸುಳಿ ಆ ಕಡೆ ಹೋದಳು. ನಾನೂ ಸೊಂಟ ಬಗ್ಗಿಸಿ ನುಸುಳಿದೆ.

ಜಗಲಿಯಿಂದ ದನಿ ಬಂತು. "ಲೇ, ಅವಳೇನೋ ಪುಳ್ಳೆ. ನೀನ್ಯಾಕ್ಲಾ ಬಗ್ತೀಯಾ?"

"ಎಳೆ ಕಡೀಬಾರ್ದಲ್ಲ ಅತ್ತೆ," ಎಂದೆ.