ಅತ್ತೆಯ ಕಿವಿ ಮಿಷನ್ನು

ಸಂಜೆಗೆ ಲೋಕ ಮುಗಿಯುತ್ತದೆ ಅನ್ನುವ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಗಡಿಯಾರದವನ ಹೆಂಡತಿಗೆ ತೀರಿಹೋದ ತನ್ನ ತಾಯಿಯ ಕಿವುಡು ನೆನಪಾಯಿತು.

"ರೀ, ತುತೂರಿ ಊದಿದ್ರೆ ಅಮ್ಮಂಗೆ ಕೇಳ್ಸಲ್ವಲ್ರೀ!"

ಗಡಿಯಾರದವನ ಬಾಯಿಗೆ ಹೋಗುತ್ತಿದ್ದ ತುತ್ತು ಅರ್ಧದಲ್ಲೇ ನಿಂತಿತು.

ಪಾಸ್ಟರು ಲೆಕ್ಕ ಹಾಕಿ ಹೇಳಿಬಿಟ್ಟಿದ್ದರು. ಇವತ್ತು ಹೊತ್ತು ಮುಳುಗುವಾಗ ಕರ್ತನ ಎರಡನೇ ಬರೋಣ. ಕಡೇ ತುತೂರಿ ಮೊಳಗುತ್ತದೆ, ಭಕ್ತರಲ್ಲಿ ಸತ್ತವರು ಮೊದಲು ಗೋರಿಯಿಂದ ಏಳುತ್ತಾರೆ, ಬದುಕಿರುವವರ ಸರದಿ ಆಮೇಲೆ. ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಅಂತ ಶಾಸ್ತ್ರದಲ್ಲೇ ಇದೆಯಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಗಳಿಗೆ ನಾನೆಲ್ಲಪ್ಪಾ ಹೇಳ್ದೆ? ಸಾಯಂಕಾಲ ಅಂದೆ, ಅಷ್ಟೇ" ಎಂದು ಬಾಯಿ ಮುಚ್ಚಿಸಿದ್ದರು. ಗಡಿಯಾರದವನಿಗೆ ಇದರಲ್ಲೆಲ್ಲ ಹೇಳಿಕೊಳ್ಳುವಂಥ ನಂಬಿಕೆ ಇರಲಿಲ್ಲ. ಭಾನುವಾರ ಆರಾಧನೆಯ ಹೊತ್ತಿಗೆ ಸರಿಯಾಗಿ ಅವನಿಗೆ ಅಂಗಡಿಯಲ್ಲಿ ತುರ್ತು ಕೆಲಸ ಬರುತ್ತಿತ್ತು.

"ಪುನರುತ್ಥಾನ ಅಂದ್ಮೇಲೆ ಕಿವಿ ಸರಿಹೋಗಿರುತ್ತೆ ಕಣೇ."

"ಯಾರು ರಿಪೇರಿ ಮಾಡಿದ್ರು? ರಿಪೇರಿ ಆಗಲ್ಲ ಅಂತ ಅಮ್ಮನ ಕಿವಿ ಮಿಷನ್ನು ತೆಗೆದಿಟ್ಟೋರು ನೀವೇ ತಾನೆ! ಇವತ್ತು ಅದಕ್ಕೆ ಹೊಸ ಬ್ಯಾಟರಿ ಹಾಕಿ ಅಮ್ಮನ ಗೋರಿ ಮೇಲೆ ಇಟ್ಟು ಬನ್ನಿ. ದೇವರು ಮನಸ್ಸು ಮಾಡಿದ್ರೆ ಕೆಟ್ಟಿದ್ದೂ ಓಡುತ್ತೆ."

ಗಡಿಯಾರದವನು ವಾದಕ್ಕಿಳಿಯದೆ ಕೈ ತೊಳೆದುಕೊಂಡ. ಕಾರಣವಿತ್ತು.

ಅತ್ತೆ ಬದುಕಿದ್ದಾಗ ಅಳಿಯನನ್ನು ಬಾಯಿ ತೆರೆದು ಕರೆದವರಲ್ಲ. ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ, ಗೋಡಂಬಿಯಷ್ಟಿದ್ದ ಆ ಮಿಷನ್ನಿನ ಮೇಲೆ ಅಂಗೈ ಮುಚ್ಚುತ್ತಿದ್ದರು. ಅದು 'ಕುಂಯ್ಯ್' ಎಂದು ಕೂಗುತ್ತಿತ್ತು. ಇವನು "ಬಂದೆ ಅತ್ತೆ" ಎಂದು ಓಡುತ್ತಿದ್ದ. ನೀರು ಬೇಕು, ಕುಂಯ್ಯ್. ಕಿಟಕಿ ತೆಗಿ, ಕುಂಯ್ಯ್. ಕಿಟಕಿ ಮುಚ್ಚು, ಕುಂಯ್ಯ್. ಒಂದು ದಿನ ತಲೆ ಕೆಟ್ಟು, ಅವರ ಮಿಷನ್ನಿಗೆ ಮುಗಿದುಹೋದ ಬ್ಯಾಟರಿ ಹಾಕಿ, "ಇದು ಹೋಯ್ತು ಅತ್ತೆ, ರಿಪೇರಿ ಆಗಲ್ಲ" ಎಂದು ಸನ್ನೆಯಲ್ಲಿ ತಿಳಿಸಿಬಿಟ್ಟ. ಒಂದು ದಿನದ ನೆಮ್ಮದಿ ಸಾಕು ಅಂತಲೇ ಮಾಡಿದ್ದು. ಆದರೆ ನೆಮ್ಮದಿಯ ರುಚಿ ಹತ್ತಿತು. ವಾರವಾಯಿತು, ತಿಂಗಳುಗಳಾದವು.

ಒಮ್ಮೆ ಕಿಟಕಿಯ ಬಳಿ ಕೂತಿದ್ದ ಅತ್ತೆ, "ಗುಬ್ಬಿಗಳೆಲ್ಲ ಎಲ್ಲಿ ಹೋದ್ವು ಅಳಿಯಂದ್ರೇ?" ಎಂದು ಕೇಳಿದ್ದರು. ಗುಬ್ಬಿಗಳು ಬೆನ್ನ ಹಿಂದೆ ಕಿಟಕಿಯ ಮೇಲೇ ಕೂತು ಕಿಚಿಪಿಚಿ ಎನ್ನುತ್ತಿದ್ದವು. ಅವತ್ತು ಅವನು, ನಾಳೆ ಬ್ಯಾಟರಿ ಹಾಕಿಬಿಡೋಣ ಅಂದುಕೊಂಡ. ಆ ನಾಳೆ ಬರುವಷ್ಟರಲ್ಲಿ ಅತ್ತೆ ಹೋಗಿಬಿಟ್ಟರು.

ಹೆಂಡತಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಅವನಿಗೆ ಬೇರೆ ಲೋಕಾಂತ್ಯವೇನೂ ಬೇಕಿರಲಿಲ್ಲ. ಅಪ್ಪಿತಪ್ಪಿ ಅತ್ತೆ ಎದ್ದರೂ ಮಿಷನ್ನಿನಲ್ಲಿ ಚೆನ್ನಾಗಿ ಕೇಳಿಸಿದರೆ, ನಾನೇ ಸರಿಮಾಡಿದೆ ಎಂದು ಹೇಳಿ ಬಚಾವಾಗಬಹುದು ಎಂದುಕೊಂಡು ಅಂಗಡಿಗೆ ನಡೆದ.

ಹಳೇ ಬ್ಯಾಟರಿ ಕಿತ್ತು ಬುಟ್ಟಿಗೆ ಎಸೆದು, ಹೊಸದನ್ನು ಕೈಗೆತ್ತಿಕೊಂಡಿದ್ದ. ಅಷ್ಟರಲ್ಲಿ ಪಕ್ಕದ ಬೇಕರಿಯಾಕೆ ಬಾಗಿಲಲ್ಲಿ ನಿಂತಳು. ಅವನು ಬ್ಯಾಟರಿಯನ್ನು ಅಂಗಿ ಜೇಬಿಗೆ ಹಾಕಿಕೊಂಡ.

"ಅಣ್ಣಾ, ಗೋರಿ ಹತ್ರ ಹೋಗ್ತಿದ್ದೀರಂತೆ. ಇದು ನಮ್ಮ ಯಜಮಾನ್ರ ಹಲ್ಲಿನ ಸೆಟ್ಟು. ಕರ್ತನ ಮುಂದೆ ಬೊಚ್ಚು ಬಾಯಲ್ಲಿ ಹೇಗೆ ಹಾಡ್ತಾರೆ ಹೇಳಿ?"

ಆಕೆಯ ಹಿಂದೆಯೇ ಪಿಂಚಣಿ ಮೇಷ್ಟ್ರು ಕನ್ನಡಕ ಹಿಡಿದು ಬಂದರು. "ನನ್ನ ತಮ್ಮಂದಪ್ಪಾ. ಇದಿಲ್ದೆ ಅವನಿಗೆ ಎಡ ಬಲ ತಿಳಿಯಲ್ಲ. ಬಲಗಡೆ ಸ್ವರ್ಗ ಇಟ್ಟಿದ್ರೆ ಎಡಗಡೆ ಹೋಗಿ ನಿಂತ್ಕೋತಾನೆ."

ಇಬ್ಬರೂ ಹೋದ ಮೇಲೆ ಎದುರುಮನೆ ಸೊಸೆ ಬರಿಗೈಯಲ್ಲಿ ಒಳಗೆ ನುಸುಳಿದಳು. "ಅಣ್ಣಾ, ಯಾರಿಗೂ ಹೇಳ್ಬೇಡಿ. ನಮ್ಮತ್ತೆ ಗೋರಿ ಮೇಲೆ ಇನ್ನೊಂದು ಕಲ್ಲು ಏರಿಸಿ ಬರ್ತೀರಾ?"

ಗೋರಿಗಳ ತೋಟ ಚರ್ಚಿನ ಹಿಂದಿನ ದಿಬ್ಬ ದಾಟಿದರೆ ಸಿಗುತ್ತಿತ್ತು. ಅವನು ಚೀಲ ಹಿಡಿದು ಅಲ್ಲಿಗೆ ಹೋದಾಗ ಹೊತ್ತು ಇಳಿಯುತ್ತಿತ್ತು. ಗೇಟಿನಲ್ಲಿ ಮೈಕಿನವನು ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಿದ್ದ. "ಏನಪ್ಪಾ ಇಲ್ಲಿ?" ಎಂದರೆ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿ ಸೈಕಲ್ ಹತ್ತಿದ. ಸತ್ತವರಿಗೆ ಮರ್ಯಾದೆ ಇರಬೇಕು ಎಂದುಕೊಂಡು ಇವನು ಒಳಗೆ ಕಾಲಿಟ್ಟ.

ಕಾಲಿಟ್ಟವನು ಅಲ್ಲೇ ನಿಂತ. ಪ್ರತಿ ಗೋರಿಯ ಕಲ್ಲನ್ನೂ ಯಾರೋ ತೊಳೆದಿದ್ದರು. ಪ್ರತಿ ಗೋರಿಯ ಪಕ್ಕದಲ್ಲೂ ಒಂದು ಜೊತೆ ಚಪ್ಪಲಿ ಇತ್ತು. ಎಲ್ಲವೂ ಗೇಟಿನ ಕಡೆ ಮುಖ ಮಾಡಿದ್ದವು, ಎದ್ದವರು ಕಾಲು ತೂರಿಸಿ ನಡೆದರಾಯಿತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಒಂದು ಹಕ್ಕಿಯೂ ಇರಲಿಲ್ಲ. ಗಡಿಯಾರದವನಿಗೆ ಅಷ್ಟು ಹೊತ್ತು ಇಲ್ಲದ ನಂಬಿಕೆ ಈಗ ಕಾಲಿನ ಕಡೆಯಿಂದ ಮೇಲೇರತೊಡಗಿತು.

ಹಲ್ಲನ್ನೂ ಕನ್ನಡಕವನ್ನೂ ಅವರವರ ಕಲ್ಲಿನ ಮೇಲಿಟ್ಟ. ಎದುರುಮನೆಯ ಅತ್ತೆಯ ಗೋರಿಯ ಮೇಲೆ ಆಗಲೇ ಎರಡು ದೊಡ್ಡ ಕಲ್ಲು ಏರಿದ್ದವು. ಆ ಮನೆಗೆ ಇನ್ನೂ ಇಬ್ಬರು ಸೊಸೆಯರಿದ್ದರು.

ಕೊನೆಗೆ ತನ್ನ ಅತ್ತೆಯ ಗೋರಿಯ ಮುಂದೆ ಮಂಡಿಯೂರಿದ. ತಲೆದೆಸೆಯಲ್ಲಿ ಯಾರೋ ದೊಡ್ಡದೊಂದು ಹೂವಿನ ಗುಚ್ಛ ಇಟ್ಟಿದ್ದರು. ಅದರ ಪಕ್ಕ, ಕಿವಿ ಇರಬಹುದಾದ ಕಡೆ ಮಿಷನ್ನು ಇಟ್ಟು, ಉರುಳದಿರಲಿ ಎಂದು ಅಂಗೈ ಮುಚ್ಚಿದ.

ಕುಂಯ್ಯ್.

ಮರುಗಳಿಗೆ ಅದೇ ಕೂಗು ದಿಬ್ಬದ ಆಚೆಯಿಂದ, ಆಕಾಶವೇ ಬಾಯಿ ಬಿಟ್ಟಂತೆ ದೊಡ್ಡದಾಗಿ ಎದ್ದು ಬಂತು. ಗೋರಿಯ ಕಲ್ಲುಗಳು ಅದಿರಿದವು. ಬೇಕರಿಯವನ ಹಲ್ಲಿನ ಸೆಟ್ಟು ಕಟಕಟ ಎಂದಿತು.

"ಅತ್ತೇ, ಏಳ್ಬೇಡಿ!" ಗಡಿಯಾರದವನು ಕಲ್ಲಿನ ಮೇಲೆ ಬೋರಲು ಬಿದ್ದ. "ಎದ್ರೂ ಮಗಳ ಹತ್ರ ಹೇಳ್ಬೇಡಿ! ಮಿಷನ್ನು ಕೆಟ್ಟಿರ್ಲಿಲ್ಲ, ಸತ್ತ ಬ್ಯಾಟರಿ ಹಾಕಿದ್ದು ನಾನೇ! ಭಾನುವಾರ ಅಂಗಡೀಲಿ ಕೆಲಸಾನೂ ಇರ್ಲಿಲ್ಲ, ಅವಳ ಹಾಡು ತಡೀಲಾರ್ದೆ ಅಲ್ಲಿ ಹೋಗಿ ನಿದ್ದೆ ಹೊಡೀತಿದ್ದೆ! ಗುಬ್ಬಿಗಳು ಎಲ್ಲೂ ಹೋಗಿರ್ಲಿಲ್ಲ ಅತ್ತೆ... ಕಿಟಕಿ ಮೇಲೇ ಇದ್ವು..."

"ಕಿಟಕಿ ಮೇಲೇ ಇದ್ವು..." ಎಂದಿತು ಆಕಾಶ, ಅವನದೇ ದನಿಯಲ್ಲಿ.

ಪರಲೋಕದಲ್ಲಿ ತನ್ನ ಪಾಪಗಳನ್ನು ಓದಲು ಶುರುಮಾಡಿದರು ಎಂದುಕೊಂಡು ಅವನು ಗೊಳೋ ಎಂದು ಅತ್ತುಬಿಟ್ಟ. ಅಳು ಸುಳ್ಳಾಗಿರಲಿಲ್ಲ.

ತಲೆ ಎತ್ತಿದಾಗ ದಿಬ್ಬದ ಮೇಲಿಂದ ಬಿಳಿ ಬಟ್ಟೆಯವರು ಸಾಲಾಗಿ, ಮಾತಿಲ್ಲದೆ ಇಳಿದು ಬರುತ್ತಿದ್ದರು. ದೇವದೂತರೋ ಸತ್ತವರೋ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲರಿಗಿಂತ ಮುಂದೆ ಅವನ ಹೆಂಡತಿ ಇದ್ದಳು. ಅದಕ್ಕಿಂತ ದೇವದೂತರೇ ವಾಸಿ ಅನ್ನಿಸಿತು.

ಮೈಕಿನವನು ಹೂವಿನ ಗುಚ್ಛದೊಳಗೆ ಕೈ ಹಾಕಿ ಮೈಕು ಹೊರಗೆಳೆದ. "ಗೋರಿ ತೆರೆಯೋ ಸದ್ದು ಚರ್ಚಲ್ಲಿ ಕೂತೋರಿಗೂ ಕೇಳ್ಲಿ ಅಂತ ಪಾಸ್ಟರೇ ಇಡಿಸಿದ್ರು" ಎಂದು ಸ್ವಿಚ್ಚು ಆರಿಸಿದ.

"ಅಮ್ಮ ಕೇಳಿಸ್ಕೊಂಡ್ಳೋ ಇಲ್ವೋ ಕಾಣೆ," ಎಂದಳು ಹೆಂಡತಿ. ಅವಳ ಕಣ್ಣು ಒದ್ದೆಯಾಗಿತ್ತು. "ನಾವೆಲ್ಲಾ ಕೇಳಿಸ್ಕೊಂಡ್ವಿ."

ಪಾಸ್ಟರಿಗೆ ಬೇರೆಯೇ ಸಂಕಟ. "ಕಡೇ ತುತೂರಿ ಅಂತ ಸಭೆಗೆ ಸಭೆಯೇ ಅಡ್ಡಬಿತ್ತಲ್ಲಯ್ಯಾ! ಅದು ನಿನ್ನ ಈ ಮಿಷನ್ನಾ?"

"ಹೂಂ ಪಾಸ್ಟರೇ. ಹೊಸ ಬ್ಯಾಟರಿ ನೋಡಿ, ಜೋರಾಗಿ ಕೂಗ್ತು."

ಹೆಂಡತಿ ಮಿಷನ್ನು ಎತ್ತಿಕೊಂಡು ಉಗುರಿನಿಂದ ಮುಚ್ಚಳ ತೆಗೆದಳು. ಒಳಗೆ ಖಾಲಿ ಇತ್ತು.

ಗಡಿಯಾರದವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಬ್ಯಾಟರಿ ಅಲ್ಲೇ ಇತ್ತು, ಬೆಳಿಗ್ಗೆ ಹಾಕಿಕೊಂಡ ಹಾಗೆಯೇ.

"ಹಾಗಾದ್ರೆ ಕೂಗಿದ್ದು?" ಎಂದರು ಮೇಷ್ಟ್ರು.

ಮೈಕಿನವನು ಸ್ವಿಚ್ಚನ್ನು ಮತ್ತೊಮ್ಮೆ ನೋಡಿಕೊಂಡ. ಆರಿತ್ತು. ಕತ್ತಲು ಕವಿಯುತ್ತಿತ್ತು.

ಕುಂಯ್ಯ್.

ಈ ಸಲ ಸ್ಪಷ್ಟವಾಗಿ ಕಲ್ಲಿನ ಕೆಳಗಿಂದ ಬಂತು.

ಇಷ್ಟು ದಿನ ಎರಡನೇ ಬರೋಣಕ್ಕೆ ಹಂಬಲಿಸಿದ್ದ ಸಭೆ ಬಿದ್ದಂಬೀಳ ಗೇಟಿನ ಕಡೆ ಓಡಿತು. ಪಾಸ್ಟರು ಎಲ್ಲರಿಗಿಂತ ಮುಂದಿದ್ದರು. ಗಡಿಯಾರದವನೂ ಓಡಲು ತಿರುಗಿದ. ಹೆಂಡತಿ ಅವನ ಅಂಗಿಯ ಕಾಲರು ಹಿಡಿದಳು.

"ನೀವೆಲ್ಲಿಗೆ? ಅಮ್ಮ ನಿಮ್ಮನ್ನೇ ಕರೀತಿರೋದು."

ಕುಂಯ್ಯ್.

"ಬಂದೆ ಅತ್ತೆ," ಎಂದ ಗಡಿಯಾರದವನು.