ದುಡ್ಡು ಕೊಟ್ಟರೂ ಸಿಗದ ಅವರೆಕಾಯಿ

ಯಾವ ಊರಿಗೆ ಹೋದರೂ ಕೊನೆಯ ದಿನ ನನ್ನ ನಿಜಬಣ್ಣ ಹೊರಬೀಳುತ್ತದೆ. ಅಲ್ಲಿಯವರೆಗೆ ಬೆಟ್ಟ, ಗುಡಿ, ಕೆರೆ ಎಂದು ಎಲ್ಲರ ಹಿಂದೆ ಸಭ್ಯವಾಗಿ ಸುತ್ತುತ್ತೇನೆ. ಹೊರಡುವ ದಿನ ಬಂತೆಂದರೆ ಕೈ ತಾನಾಗಿಯೇ ಚೀಲ ಹುಡುಕುತ್ತದೆ. ಆ ಊರಿನ ತಿನಿಸು ಕೊಳ್ಳದೆ ರೈಲು ಹತ್ತಿದರೆ ಟಿಕೆಟ್ ಇಲ್ಲದೆ ಹತ್ತಿದಷ್ಟು ಅಳುಕು ನನಗೆ. "ನೀವು ಊರು ನೋಡಾಕ ಹೋಗ್ತೀರೋ, ಊರು ತಿನ್ನಾಕ ಹೋಗ್ತೀರೋ?" ಎಂದು ಹೆಂಡತಿ ಶಾಂತಾ ಕೇಳುವುದುಂಟು. ಒಮ್ಮೆ ಬಿಡದಿಯ ತಟ್ಟೆ ಇಡ್ಲಿಯನ್ನು ಧಾರವಾಡದವರೆಗೆ ಒಯ್ದೇ ಒಯ್ಯುತ್ತೇನೆಂದು ಹಟ ಹಿಡಿದು ಕಟ್ಟಿಸಿಕೊಂಡಿದ್ದೆ. ಅರಸೀಕೆರೆ ದಾಟುವಷ್ಟರಲ್ಲಿ ಚಟ್ನಿ ತಾನಿರುವ ಸಂಗತಿಯನ್ನು ಇಡೀ ಬೋಗಿಗೆ ಸಾರಿತ್ತು. ಎದುರು ಸೀಟಿನವರು ಕಿಟಕಿಯ ಕಡೆಗೇ ಮುಖ ಮಾಡಿ ಊರು ಸೇರಿದರು.

ನಮ್ಮ ಮಗಳು ಮೇಘಾಳನ್ನು ರಾಮನಗರಕ್ಕೆ ಕೊಟ್ಟಿದ್ದೇವೆ. ಅಳಿಯಂದಿರಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಬೀಗರಾದ ಪುಟ್ಟಸ್ವಾಮಿಯವರಿಗೆ ಊರಲ್ಲಿ ಮನೆ, ಮಾಗಡಿ ರಸ್ತೆಯಲ್ಲಿ ಹೊಲ. ಒಳ್ಳೆಯ ಜನ. ಆದರೂ ನನ್ನ ಮನಸ್ಸಿನಲ್ಲಿ ಅವರ ಮೇಲೆ ಒಂದು ಸಣ್ಣ ಕಿಸುರು ಉಳಿದುಬಿಟ್ಟಿತ್ತು. ಮದುವೆ ಮುಗಿಸಿ ಧಾರವಾಡದಿಂದ ಹೊರಡುವ ದಿನ ಅವರು ಯಾರಿಗೂ ಹೇಳದೆ ಪೇಟೆಗೆ ಹೋಗಿ ಪೇಡೆ ಕೊಂಡು ತಂದಿದ್ದರು. ಬೀಗರಿಗೆಂದು ನಾನು ಪೇಡೆ ಕಟ್ಟಿಸಿಟ್ಟಿದ್ದೆ! ಮನೆಯಲ್ಲಿ ಇರುವುದನ್ನು ಬಿಟ್ಟು ಬೀದಿಯಲ್ಲಿ ಕೊಳ್ಳುವುದೆಂದರೆ ಏನರ್ಥ? ಕೊಡುವಷ್ಟು ಕೈ ನಮಗಿಲ್ಲ ಎಂದೇ? ಈ ಪ್ರಶ್ನೆಯನ್ನು ಮಗಳ ಮದುವೆಯಾದಾಗಿನಿಂದ ಶಾಂತಾಳ ಮುಂದೆ ಎಷ್ಟು ಸಲ ಕೇಳಿದ್ದೆನೆಂದರೆ, ನಾನು 'ಪೇ' ಎನ್ನುತ್ತಲೇ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ನಾವಿಬ್ಬರೂ ರಾಮನಗರಕ್ಕೆ ಹೋದದ್ದು ಬರಿಯ ಭೇಟಿಗಲ್ಲ. ಮೇಘಾ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಲೆಂದು ನಮ್ಮ ಆಸೆ, ಅವಳ ಆಸೆಯೂ ಅದೇ. ಬೀಗಿತ್ತಿ ಜಯಮ್ಮನವರು ಮಾತ್ರ ಆ ಮಾತು ಬಂದಾಗಲೆಲ್ಲ, "ಇಲ್ಲೇ ಒಳ್ಳೇ ಆಸ್ಪತ್ರೆ ಐತಲ್ಲಾ, ನೋಡಾನ ಬುಡಿ" ಎಂದು ತೇಲಿಸುತ್ತಿದ್ದರು. ಕೊನೆಯ ದಿನ ಬಂದರೂ ನಾವು ಬಾಯಿಬಿಟ್ಟು ಕೇಳಿರಲಿಲ್ಲ. "ಅಪ್ಪಾ, ಇವತ್ತರ ಕೇಳ್ರಿ. ಮತ್ತ ಅತ್ತಿಯವ್ರ ಮನಸ್ಸು ಕೆಡೋ ಹಂಗ ಏನೂ ಮಾಡಬ್ಯಾಡ್ರಿ" ಎಂದು ಮೇಘಾ ಬೆಳಿಗ್ಗೆ ಗುಟ್ಟಾಗಿ ಹೇಳಿದಳು. ಊಟವಾದ ಮೇಲೆ ಕೇಳುತ್ತೇನೆ ಎಂದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಹೊತ್ತು ಸಿಕ್ಕರೆ ನನ್ನಂಥವನು ಏನು ಮಾಡುತ್ತಾನೆ? ಅಡ್ಡಾಡಿ ಬರುತ್ತೇನೆಂದು ಹೇಳಿ, ಮಡಚಿದ ಚೀಲವನ್ನು ಅಂಗಿಯೊಳಗೆ ಸೇರಿಸಿಕೊಂಡು ಮಾರುಕಟ್ಟೆಗೆ ಹೊರಟೆ. ಬೀಗರಿಗೆ ಹೇಳಿದರೆ ಸುಮ್ಮನೆ ತೊಂದರೆ ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ದೊಡ್ಡ ಮನಸ್ಸು.

ಅವರೆಕಾಯಿಯ ಕಾಲ. ಮಾರುಕಟ್ಟೆಯ ತುಂಬ ಹಸಿರು ಗುಡ್ಡೆಗಳು. ಕಾಲಿಟ್ಟಲ್ಲೆಲ್ಲ ಅದರ ಸೊಗಡು, ಅಂದರೆ ಆ ಜಿಡ್ಡುಜಿಡ್ಡಾದ ಘಾಟು ವಾಸನೆ. ಗುಡ್ಡೆಯೊಂದರ ಹಿಂದೆ ಕುಳಿತಿದ್ದ ದೇವೀರಮ್ಮನೆಂಬಾಕೆ ಒಂದು ಹಿಡಿ ಕಾಯಿಯನ್ನು ನನ್ನ ಮೂಗಿಗೇ ಹಿಡಿದಳು. "ಮೂಸ್ ನೋಡಿ ಸಾಮಿ, ಹೆಂಗೈತೆ ಸೊಗಡು!" ಎಲ್ಲ ಬಲ್ಲವನಂತೆ ಕಣ್ಣು ಮುಚ್ಚಿ ಮೂಸಿ ತಲೆದೂಗಿ, "ಭಾಳ ಛಲೋ ಐತಿ, ಚೀಲ ತುಂಬ್ರಿ" ಎಂದೆ. ಅವಳು ಚೀಲ ತುಂಬಿಸುತ್ತಲೇ ಕೇಳಿದಳು: "ಮಾತು ಈ ಕಡೇದಲ್ಲ. ಯಾರ ಮನೆಗೆ ಬಂದಿದ್ರಿ?"

ಪುಟ್ಟಸ್ವಾಮಿಯವರ ಬೀಗರೆಂದು ಕೊಂಚ ಎದೆಯುಬ್ಬಿಸಿಯೇ ಹೇಳಿದೆ. ಅವಳ ಕೈ ನಿಂತುಹೋಯಿತು.

"ಅಯ್ಯೋ ಶಿವನೇ! ಇದು ಅವ್ರ ಹೊಲದ ಕಾಯೇ ಕಣ್ ಸಾಮಿ. ಬೆಳಗ್ಗೆ ತಾನೇ ಇಳ್ಸವ್ರೆ. ಇದ್ನ ನಿಮಗೇ ಮಾರ್ಬುಟ್ಟು ನಾಳೆ ಜಯಕ್ಕನ ಮೊಖ ಹೆಂಗ್ ನೋಡ್ಲಿ?" ಎನ್ನುತ್ತ ಚೀಲವನ್ನು ತಲೆಕೆಳಗು ಮಾಡಿ ಕಾಯಿಯನ್ನೆಲ್ಲ ಗುಡ್ಡೆಗೇ ಸುರಿದಳು. ಪಕ್ಕದ ಗುಡ್ಡೆಗೆ ಸರಿದೆ. ಅಲ್ಲಿದ್ದಾತ ಎಲ್ಲ ಕೇಳಿಸಿಕೊಂಡಿದ್ದ. "ನಾನೂ ಕೊಡಾಕಿಲ್ಲ ಸಾಮಿ, ನಮ್ಮ ಪುಟ್ಟಸ್ವಾಮಣ್ಣ ಬೇಜಾರ್ ಮಾಡ್ಕೋತಾರೆ" ಎಂದ. ಅದರಾಚೆಯವನು ನಾನು ಬರುವ ಮೊದಲೇ ಇಲ್ಲವೆಂದು ಕೈಯಾಡಿಸಿಬಿಟ್ಟ. ಜೇಬಿನಲ್ಲಿ ದುಡ್ಡು, ಕಣ್ಣ ಮುಂದೆ ರಾಶಿ ರಾಶಿ ಅವರೆಕಾಯಿ, ಕೊಡುವವರು ಒಬ್ಬರೂ ಇಲ್ಲ. ಮರ್ಯಾದಸ್ಥರ ಮನೆಗೆ ಮಗಳನ್ನು ಕೊಟ್ಟರೆ ಇಂಥ ಕಷ್ಟವೂ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಚೀಲ ಖಾಲಿ ಬಂತು, ಸುದ್ದಿ ಮಾತ್ರ ನನಗಿಂತ ಮೊದಲೇ ಫೋನಿನಲ್ಲಿ ಮನೆ ಸೇರಿತ್ತು. ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ದೊಡ್ಡ ಬೋಗುಣಿಯ ಸುತ್ತ ಎಲ್ಲರೂ ಕುಳಿತು ಸಿಪ್ಪೆಯಿಂದ ಬೇಳೆ ಹಿದುಕುತ್ತಿದ್ದರು. ನಮಗಾಗಿ ಮಧ್ಯಾಹ್ನಕ್ಕೆ ಹಿದುಕಿದ ಬೇಳೆ ಸಾರು. ಗೋಡೆಗೆ ಒರಗಿಸಿದ್ದ ಗೋಣಿಚೀಲದ ತುಂಬ ಅವರೆಕಾಯಿ, ಅದೂ ನಮಗೇ. ಜಯಮ್ಮನವರ ಕಣ್ಣು ತುಂಬಿತ್ತು.

"ಮನೆ ತುಂಬ ಮಡಗಿದ್ದೀವಿ. ನೀವು ಬೀದೀಲಿ ಕೊಂಡ್ಕೊಂಡ್ರೆ ಜನ ಏನಂತಾರೆ ಬೀಗ್ರೇ? ಬೀಗ್ರಿಗೆ ಒಂದಿಡಿ ಕಾಯಿ ಕೊಡೋಕೂ ಇವ್ರಿಗೆ ಕೈ ಬರ್ನಿಲ್ಲ ಅಂತ ಆಡ್ಕೊಳಾಕಿಲ್ವಾ?"

ಮೇಘಾ ನನ್ನತ್ತ ನೋಡಿದ ನೋಟಕ್ಕೆ ನಾನು ಅಲ್ಲೇ ಇಳಿದುಹೋದೆ. ಹೆರಿಗೆಯ ಮಾತು ಇನ್ನು ಎತ್ತುವಂತೆಯೇ ಇಲ್ಲ. ಆದರೆ ಜಯಮ್ಮನವರ ಮಾತನ್ನು ಎಲ್ಲೋ ಕೇಳಿದ ನೆನಪು. ಹೌದು, ಅದು ನನ್ನದೇ ಮಾತು! ಪೇಡೆಯ ಜಾಗದಲ್ಲಿ ಅವರೆಕಾಯಿ ಬಂದಿದೆ, ಅಷ್ಟೇ. ಶಾಂತಾ ತಲೆಯೆತ್ತದೆ ಬೇಳೆ ಹಿದುಕುತ್ತಿದ್ದಳು, ಅವಳ ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

"ತಪ್ಪಾತ್ರಿ ಅಕ್ಕಾರ. ನಿಮಗ ತೊಂದ್ರಿ ಬ್ಯಾಡಂತ ಹೋದೆ" ಎಂದೆ.

ಪುಟ್ಟಸ್ವಾಮಿಯವರು ಗಟ್ಟಿಯಾಗಿ ನಕ್ಕುಬಿಟ್ಟರು. "ನೋಡ್ದೇನೇ ಜಯಾ? ಧಾರವಾಡದಲ್ಲಿ ನಾನೂ ಹಿಂಗೇ ತೊಂದ್ರೆ ಬ್ಯಾಡ ಅಂತ ಕದ್ದೋಗಿ ಪೇಡೆ ತಂದಿದ್ದು. ಅವತ್ತು ಬೀಗ್ರು ಮೊಖ ಊದಿಸ್ಕೊಂಡಿದ್ದು ಯಾಕೆ ಅಂತ ಇವತ್ತು ಗೊತ್ತಾಯ್ತು ಬುಡು."

ಬೋಗುಣಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ನಾನೂ ಒಂದು ಕಾಳು ಹಿದುಕಿದೆ. ಬೇಳೆ ಚಂಗನೆ ಹಾರಿ ಬೀಗರ ಕನ್ನಡಕಕ್ಕೆ ಬಡಿಯಿತು. ಇನ್ನೊಂದು ಜಯಮ್ಮನವರ ಮಡಿಲಿಗೆ ಬಿತ್ತು. ಅವರು ತಡೆದುಕೊಂಡರು, ತಡೆದುಕೊಂಡರು, ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹಂಗಲ್ಲ ಬೀಗ್ರೇ, ಒಸಿ ಮೆತ್ತಗೆ ಒತ್ತಿ" ಎಂದು ತೋರಿಸಿಕೊಟ್ಟರು. ಆ ನಗು ಆರುವ ಮೊದಲೇ ನಾನು ಹೆರಿಗೆಯ ಮಾತು ಕೇಳಿಬಿಟ್ಟೆ.

ಜಯಮ್ಮನವರು ಬೋಗುಣಿಯಿಂದ ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು. "ತವ್ರಲ್ಲೇ ಆಗ್ಲಿ ಅಂತ ನಂಗೂ ಇಲ್ವಾ? ಅಷ್ಟು ದೂರ ಕಳಿಸ್ಬುಟ್ರೆ, ಮಗೀನ ನೋಡೋಕೆ ಬಂದಾಗ ನೆಂಟ್ರಂಗೆ ಕಾಫಿ ಕೊಟ್ಟು ಕಳಿಸ್ಬುಡ್ತೀರೇನೋ ಅಂತ ಭಯ ನಂಗೆ. ಏಳು ತಿಂಗ್ಳು ತುಂಬುತ್ಲೂ ಬಂದು ಕರ್ಕೊಂಡೋಗಿ. ನಾನೂ ಬತ್ತೀನಿ, ಬಾಣಂತನ ಮುಗಿಯೋಗಂಟ ನಿಮ್ಮನೇಲೇ ಇರ್ತೀನಿ."

ಮೇಘಾ ಅತ್ತೆಯ ಭುಜಕ್ಕೆ ಮುಖ ಒತ್ತಿದಳು. ಅಷ್ಟು ಸಂತೋಷದ ಊಟ ನಾನು ಈಚೆಗೆ ಮಾಡಿರಲಿಲ್ಲ. ಸಂಜೆ ರೈಲಿನಲ್ಲಿ ನಮ್ಮಿಬ್ಬರಿಗೆ ಕಾಲಿಡಲು ಜಾಗವಿರಲಿಲ್ಲ. ಅವರೆಕಾಯಿ, ರಾಗಿ ಹುರಿಹಿಟ್ಟು, ಕೋಡುಬಳೆ, ತೆಂಗಿನಕಾಯಿ, ಹುಣಸೆಹಣ್ಣು. ಒಂದನ್ನೂ ನಾನು ಕೊಂಡದ್ದಲ್ಲ.

ಊರಿಗೆ ಬಂದವನೇ ಪೇಡೆ ಅಂಗಡಿಗೆ ಹೋದೆ. ಬೀಗರ ಚಹರೆ ವಿವರಿಸಿ, ರಾಮನಗರದ ಕಡೆಯ ಮಾತಿನ ಬಿಳಿ ಮೀಸೆಯವರು ಬಂದು ಪೇಡೆ ಕೇಳಿದರೆ ಏನೇ ಆದರೂ ಕೊಡಬಾರದೆಂದು ಕಟ್ಟಪ್ಪಣೆ ಮಾಡಿದೆ. ಅಂಗಡಿಯವನು ನೆನಪಿಸಿಕೊಂಡ.

"ಹಾಂ, ನಿಮ್ಮ ಮಗಳ ಮದುವಿ ವ್ಯಾಳ್ಯಾದಾಗ ಬಂದಿದ್ರಲ್ರೀ! ಕೊಡೂದಿಲ್ಲ ಬಿಡ್ರಿ. ಆದ್ರ ಅವ್ರಿಗಂತ ಆವಾಗ ನೀವು ಕಟ್ಟಿಸಿದ್ದು ಸಣ್ಣ ಡಬ್ಬಿ. ಕೇರಿಗೆಲ್ಲಾ ಹಂಚಬೇಕಂತ ಅವ್ರು ಒಯ್ದದ್ದು ದೊಡ್ಡದು. ಈ ಸಲಕ್ಕ ಯಾವುದು ಕಟ್ಟಲಿ?"

ನಾನು ದೊಡ್ಡ ಡಬ್ಬಿಗೆ ಹೇಳಿ ಬಂದೆ.