ವರ್ಷತೊಡಕಿನ ದಿನ ನಾನು ಓದಲು ಕೂತದ್ದು

ಅರ್ಥಶಾಸ್ತ್ರ ಎಂಬ ಮಹಾಶಾಸ್ತ್ರಕ್ಕೂ ನನಗೂ ಹದಿನಾರು ವರ್ಷದ ಹಗೆ. ಪಿಯುಸಿಯಲ್ಲಿ ಮಿಕ್ಕೆಲ್ಲ ವಿಷಯ ಪಾಸು, ಇದೊಂದರಲ್ಲಿ ಮೂರು ಸಲ ಡುಮ್ಕಿ. ಯಾರಾದರೂ "ಯಾಕಮ್ಮ ಅನುಷಾ, ಇನ್ನೂ ಪಾಸ್ ಮಾಡ್ಕಂಡಿಲ್ವಾ?" ಎಂದರೆ ನನ್ನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಈ ಅಡುಗೆಮನೆ ನನ್ನ ಬುಟ್ರಲ್ವಾ ಓದೋದು!" ಕೇಳಿದವರು ಲೊಚಗುಟ್ಟಿ ಹೋಗುತ್ತಿದ್ದರು. (ಕೆಲವರು ನನ್ನ ಗಂಡನನ್ನು ಕೆಕ್ಕರಿಸಿ ನೋಡಿಯೂ ಹೋಗುತ್ತಿದ್ದರು. ಅದು ಬೋನಸ್ಸು.)

ಈ ಸಲ ಮಾತ್ರ ಹುಡುಗಾಟವಲ್ಲ. ನಮ್ಮ ಬೀದಿಯ ಅಂಗನವಾಡಿ ಟೀಚರ್ ಮಹಾಲಕ್ಷ್ಮಮ್ಮ ಜೂನ್‌ಗೆ ರಿಟೈರ್ ಆಗುತ್ತಾರೆ. ಆ ಜಾಗಕ್ಕೆ ಅರ್ಜಿ ಹಾಕಲು ಪಿಯುಸಿ ಪಾಸಾಗಿರಬೇಕು. ನನಗಾಗಲೇ ಮೂವತ್ತನಾಲ್ಕು, ಇದು ತಪ್ಪಿದರೆ ಇನ್ನೊಂದು ಅವಕಾಶ ಬರುವಷ್ಟರಲ್ಲಿ ವಯಸ್ಸು ಮೀರಿರುತ್ತದೆ. ಮಕ್ಕಳಿಗೆ ಹಾಡು ಹೇಳಿಕೊಡುವುದೆಂದರೆ ನನಗೆ ಪ್ರಾಣ. ಆ ಕೆಲಸ ಬೇಕು ಅಂದರೆ ಬೇಕು. ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು.

ಯುಗಾದಿಯ ದಿನ, ಬೇವು-ಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ನನಗೆ ಜ್ಞಾನೋದಯವಾಯಿತು. ಮಾರನೆಯ ದಿನ ವರ್ಷತೊಡಕು. ಅವತ್ತು ಏನು ಮಾಡುತ್ತೇವೋ ವರ್ಷಪೂರ್ತಿ ಅದೇ, ಎನ್ನುವುದು ನಮ್ಮತ್ತೆ ಚಿಕ್ಕಹನುಮಕ್ಕನವರ ಸಂವಿಧಾನ. ಅವತ್ತು ಅತ್ತರೆ ವರ್ಷವೆಲ್ಲ ಅಳು, ಬೈಸಿಕೊಂಡರೆ ವರ್ಷವೆಲ್ಲ ಬೈಗುಳ. ಮದುವೆಯಾದಾಗಿನಿಂದ ಪ್ರತಿ ವರ್ಷತೊಡಕಿಗೂ ನಾನು ಬೆಳಗಿನಿಂದ ಸಂಜೆಯವರೆಗೆ ಕುರಿ ಬಾಡಿನ ಸಾರು ಕುದಿಸುತ್ತಾ ನಿಂತಿದ್ದೇನೆ. ಮತ್ತೆ ವರ್ಷವೆಲ್ಲ ಒಲೆಯ ಮುಂದೆ ನಿಲ್ಲದೆ ಇನ್ನೇನು!

"ಅತ್ತೆ, ನಾಳೆ ನಾನು ಅಡುಗೆಮನೆ ಹೊಸ್ಲು ದಾಟಲ್ಲ. ಕೂತ್ಕಂಡು ಓದ್ತೀನಿ. ನಾಳೆ ಓದಿದ್ರೆ ವರ್ಸೆಲ್ಲ ಓದ್ದಂಗೆ, ನೀವೇ ಅಲ್ವಾ ಹೇಳೋದು?"

ಅತ್ತೆ ಮಂಡಿ ನೀವಿಕೊಂಡರು. ಅವರದೇ ಕಾನೂನು, ಏನು ಮಾಡುತ್ತಾರೆ?

"ಅಂಗಾರೆ ಬಾಡು ಬೇಯ್ಸೋರ್ಯಾರವ್ವ? ನನ್ ಮಂಡಿ ನಿಲ್ಲಾಕೆ ಬುಡ್ತದಾ?"

ಇಬ್ಬರೂ ಒಟ್ಟಿಗೆ ನಮ್ಮ ಯಜಮಾನರ ಕಡೆ ತಿರುಗಿದೆವು. ಕೊರಟಗೆರೆಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ಮನುಷ್ಯ. ಅಡುಗೆಮನೆಯಲ್ಲಿ ಅವರ ಒಟ್ಟು ಸಾಧನೆ ಎಂದರೆ ಒಂದು ಸಲ ಮಿಕ್ಸಿ ಬಿಚ್ಚಿ ಮತ್ತೆ ಜೋಡಿಸಿದ್ದು. (ಒಂದು ಸ್ಕ್ರೂ ಮಿಕ್ಕಿತ್ತು.)

"ನನ್ಯಾಕ್ ಇಂಗ್ ನೋಡ್ತೀರಾ?" ಎಂದರು. ಆಮೇಲೆ ಮೀಸೆ ತೀಡಿಕೊಂಡು, "ಅಂಥಾ ಮೋಟರ್‌ನೇ ಬಿಚ್ಚಿ ಕಟ್ತೀನಿ, ಒಂದ್ ಸಾರು ಕಾಯ್ಸಕ್ಕಾಗಲ್ವಾ? ನೀನ್ ಓದ್ಕಳೇ" ಎಂದರು.

ಬೆಳಗಾಗುತ್ತಲೇ ಊರ ಮುಂದಿನ ಬೇವಿನ ಮರದಡಿ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿದ್ದ ಬಾಡನ್ನು ಮುತ್ತುಗದೆಲೆಯಲ್ಲಿ ಕಟ್ಟಿಸಿಕೊಂಡು ಬಂದರು. ನಾನು ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪುಸ್ತಕ ಬಿಚ್ಚಿ, 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ'ಕ್ಕೆ ಕೈ ಹಾಕಿದೆ. (ಓದುಗರೇ, ಒಂದೇ ಉಸಿರಿಗೆ ಹೇಳಿ ನೋಡೋಣ.) ಒಂದೇ ಪದಾರ್ಥವನ್ನು ತಿನ್ನುತ್ತಾ ಹೋದಂತೆ... ಇಷ್ಟು ಓದುವಾಗ ಒಳಗೆ ಮಿಕ್ಸಿ ಗರ್ಜಿಸಿತು.

"ರೀ, ಚಕ್ಕೆ-ಲವಂಗ ಹುರ್ಕಂಡ್ರಾ?"

"ಓದ್ಕಳೇ!"

"ಲವಂಗ ಜಾಸ್ತಿ ಆಕ್ಬೇಡಿ, ಘಾಟು ಬಂದ್ಬುಡ್ತದೆ!"

"ಪರೀಕ್ಸೇಲಿ ಲವಂಗದ್ ಪ್ರಶ್ನೆ ಕೇಳ್ತಾರಾ? ಓದ್ಕಳೇ!"

"ಏನೋ ಸೀದ ವಾಸ್ನೆ ಬತ್ತೈತಲ್ಲ ಅತ್ತೆ?"

ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ. "ಅದು ನಿನ್ ಹೊಟ್ಟೆ ಕಣಮ್ಮ."

ನಿಜ ಹೇಳಿಬಿಡುತ್ತೇನೆ. ಸಾರು ಕೆಟ್ಟು ಕೆರ ಹಿಡಿಯಲಿ, ಎಲ್ಲರೂ ಬಂದು ನನ್ನ ಕೈಕಾಲು ಹಿಡಿಯಲಿ ಎಂದು ಮನೆದೇವರಿಗೆ ಹರಕೆಯನ್ನೇ ಹೊತ್ತಿದ್ದೆ. ದೇವರು ನನ್ನ ಮಾತು ಕೇಳಲಿಲ್ಲ.

ಮಧ್ಯಾಹ್ನ ಪಾವಗಡ ಕಡೆಯಿಂದ ನಾದಿನಿ, ಅವಳ ಗಂಡ ರಂಗಸ್ವಾಮಿ ಊಟಕ್ಕೆ ಬಂದರು. ರಂಗಸ್ವಾಮಿ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದವರೇ ಕಣ್ಣು ಮುಚ್ಚಿದರು.

"ಅಬ್ಬಬ್ಬಾ, ಚಾಲಾ ಬಾಗುಂದಿ, ಬಲು ಚೆನ್ನಾಗೈತೆ! ಇಷ್ಟ್ ವರ್ಷ ಈ ಕೈನ ಎಲ್ಲಿ ಬಚ್ಚಿಟ್ಟಿದ್ಯೋ ಅಶ್ವತ್ಥ?" ಎಂದು ನಮ್ಮ ಯಜಮಾನರ ಬೆನ್ನು ತಟ್ಟಿದರು.

ಮೂರನೆಯ ಮುದ್ದೆಗೂ ಅವರ ತೃಪ್ತಿ ಇಳಿಮುಖವಾಗಲಿಲ್ಲ. ನಾನೂ ಒಂದು ತುತ್ತು ಬಾಯಿಗಿಟ್ಟೆ. ನನ್ನ ಸಾರಿಗಿಂತ ಚೆನ್ನಾಗಿತ್ತು. ಸ್ವಲ್ಪವಲ್ಲ, ಬೇಕಾದಷ್ಟು ಚೆನ್ನಾಗಿತ್ತು. ಕಣ್ಣಲ್ಲಿ ನೀರೇ ಬಂತು. ಖಾರಕ್ಕೆ ಎಂದು ಹೇಳಿದೆ.

ಸಂಜೆ ಅತ್ತೆ ತೀರ್ಪು ಕೊಟ್ಟರು. "ಇವತ್ತು ಅವ್ನು ಬೇಯ್ಸವ್ನೆ, ವರ್ಸೆಲ್ಲ ಅವ್ನೇ ಬೇಯ್ಸ್ಲಿ. ನೀನು ಓದಿದ್ದೀಯ, ವರ್ಸೆಲ್ಲ ಓದು."

"ಅಂಗಲ್ಲ ಅತ್ತೆ..."

"ಇಂಗೂ ಅಲ್ಲ, ಅಂಗೂ ಅಲ್ಲ. ನೀನೇ ಅಲ್ವಾ ಕೇಳಿದ್ದು?"

ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಅಡುಗೆಮನೆಗೆ ಹೋದರೆ ಯಜಮಾನರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ರವೆ ಹುರಿಯುತ್ತಿದ್ದಾರೆ! ಹೊಗಳಿಕೆ ತಲೆಗೇರಿದ ಗಂಡಸನ್ನು ಒಲೆಯ ಮುಂದಿನಿಂದ ಎಬ್ಬಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ.

"ಯಾಕ್ ಬಂದೆ?"

"ಒಂದ್ ಈರುಳ್ಳಿನಾದ್ರೂ ಹೆಚ್ಕೊಡ್ತೀನಿ ಕಣ್ರೀ."

"ಬ್ಯಾಡ. ನಿನ್ನೆ ಎಷ್ಟ್ ಪುಟ ಓದ್ದೆ?"

ನಿನ್ನೆ ಇಡೀ ದಿನ ನಾನು ಓದಿದ್ದು ಅರ್ಧ ಸಾಲು. ಕುರ್ಚಿಗೆ ಬಂದು ಕುಸಿದೆ. ಹದಿನಾರು ವರ್ಷ ನನ್ನನ್ನು ಓದಲು ಬಿಡದೆ ಕಟ್ಟಿಹಾಕಿದ್ದು ಅಡುಗೆಮನೆಯಲ್ಲ, ಓದಿದರೂ ತಲೆಗೆ ಹತ್ತದಿದ್ದರೆ ಎಂಬ ನನ್ನದೇ ಭಯ. ಪಾಪ ಆ ಒಲೆ, ಆ ಮನುಷ್ಯ ಇಬ್ಬರ ಮೇಲೂ ಸುಮ್ಮನೆ ಗೂಬೆ ಕೂರಿಸಿದ್ದೆ. ಅವತ್ತು ನನಗೆ ಗಂಡನ ಮುಖ ನೋಡಲು ನಾಚಿಕೆಯಾಯಿತು.

ಅಷ್ಟರಲ್ಲಿ ಅತ್ತೆ ಮಣೆ ತಂದು ನನ್ನೆದುರು ಕುಕ್ಕಿ ಕುಳಿತರು. ಅವರಿಗೆ ಹೆಬ್ಬೆಟ್ಟು ಒತ್ತಲಷ್ಟೇ ಬರುವುದು.

"ಏನೈತೆ ಅದ್ರಾಗೆ? ನಂಗೂ ಗೊತ್ತಾಗಂಗೆ ಹೇಳು."

ನಿಯಮದ ಹೆಸರನ್ನು ಎರಡು ಸಲ ಎಡವಿ ಹೇಳಿದೆ. ತಿನ್ನುತ್ತಾ ಹೋದಂತೆ ಒಂದೊಂದು ತುತ್ತಿಗೂ ತೃಪ್ತಿ ಕಡಿಮೆಯಾಗುತ್ತದೆ ಎಂಬುದನ್ನೂ ಓದಿ ಹೇಳಿದೆ.

"ಅಷ್ಟೇನಾ? ಮೊದಲ್ನೇ ಹೋಳಿಗೆ ಅಮೃತ, ಐದನೇದು ಮೊಕಕ್ಕೆ ಹೊಡಿತದೆ. ಇದ್ನ ತಿಳ್ಕಳಕ್ಕೆ ಹದಿನಾರ್ ವರ್ಸ ಬೇಕಾಯ್ತಾ ನಿಂಗೆ?"

ದೇವರಾಣೆ, ನನಗೆ ಅರ್ಥವಾಗಿಹೋಯಿತು! ಪುಸ್ತಕ ಬದಿಗಿಟ್ಟು ನಾನೇ ಇನ್ನೊಮ್ಮೆ ಹೇಳಿ ನೋಡಿದೆ, ಬಂತು. ಎದ್ದು ಕುಣಿಯಬೇಕು ಅನ್ನಿಸಿತು.

ಅಂದಿನಿಂದ ಹನ್ನೆರಡು ದಿನವಾಯಿತು. ಐದು ಪಾಠ ಮುಗಿದಿವೆ. ಒಂದೊಂದನ್ನೂ ಅತ್ತೆಗೆ ಒಪ್ಪಿಸಬೇಕು. ತಪ್ಪಿದರೆ ಕಾಫಿ ಇಲ್ಲ. ಯಜಮಾನರು ಈಗ ಚಪಾತಿಯನ್ನೂ ದುಂಡಗೆ ಲಟ್ಟಿಸುತ್ತಾರೆ. ಹಾಲ್ ಟಿಕೆಟ್ ಬಂದ ಸುದ್ದಿಯನ್ನು ಬೀದಿಗೆಲ್ಲ ಹಂಚಿ ಬಂದವರೂ ಅವರೇ. ನಿನ್ನೆ ಮಹಾಲಕ್ಷ್ಮಮ್ಮನವರು ಅಂಗನವಾಡಿ ಬಾಗಿಲಲ್ಲಿ ನಿಲ್ಲಿಸಿ, "ನಿನ್ ಗಂಡ, ಅತ್ತೆ ಇಬ್ರೂ ಬಂಗಾರ ಕಣಮ್ಮ. ಈ ಸಲ ನಿಂಗೇನು ತೊಂದ್ರೆ ಇಲ್ವಲ್ಲ?" ಎಂದರು.

ಹೇಳಿಕೊಳ್ಳಲು ಒಂದಾದರೂ ತೊಂದರೆ ಸಿಗುತ್ತದೇನೋ ಎಂದು ದಾರಿಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ. ಹಾಗಾಗಿ ಬೇರೆ ಗತಿ ಕಾಣದೆ, ಈ ಸಲ ಪಾಸಾಗಿಬಿಡುವುದು ಎಂದು ತೀರ್ಮಾನಿಸಿದ್ದೇನೆ.